ಹಲ್ಲಿಟ್ಟುಕೊಂಡು ಹುಟ್ಟಿದ ಕೂಸು

ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ, ಚಳ್ಳಕೆರೆಯಲ್ಲಿ ನಾನು ಕೊನೆಯ ವರ್ಷಗಳಲ್ಲಿ ಕೆಲಸ ಮಾಡಿದ ಆಸ್ಪತ್ರೆಯ ಹಲ್ಲಿನ ವಿಭಾಗ. ಹಾಜರಿದ್ದವರು ನಾನು, ನರ್ಸ್ ಶಾಹಿದಾ, ಹೊರಗಿನ ಬೆಂಚಿನ ಮೇಲೆ ಐದಾರು ಜನ. ಕರೆಂಟು ಇತ್ತು. ನಲ್ಲಿಯಲ್ಲಿ ನೀರು ಬರುತ್ತಿತ್ತು. ಕುರ್ಚಿಯ ಮೇಲಿನ ದೀಪ ಹತ್ತಿತು.

ದಿನವನ್ನು ಹೀಗೆ ಶುರು ಮಾಡುವುದನ್ನು ನನಗೆ ಕಲಿಸಿದವರು ಮೊಳಕಾಲ್ಮೂರಿನಲ್ಲಿ ನನಗೆ ಮೇಲಧಿಕಾರಿಯಾಗಿದ್ದ ದೊಡ್ಡ ಡಾಕ್ಟರು. ಅವರು ಬಹಳ ಶಿಸ್ತಿನ ಮನುಷ್ಯ. "ಮೊದಲು ದೀಪ ನೋಡು, ನೀರು ನೋಡು, ಉಪಕರಣದ ತಟ್ಟೆ ನೋಡು. ಆಮೇಲೆ ರೋಗಿಯ ಮುಖ ನೋಡು. ಬಾಯಿ ಕೊನೆಗೆ" ಎನ್ನುತ್ತಿದ್ದರು. ಆಗ ಉಪಕರಣಗಳನ್ನು ಸ್ಟೌವಿನ ಮೇಲೆ ಕುದಿಸುತ್ತಿದ್ದೆವು. ಈಗ ಆಟೋಕ್ಲೇವ್ ಇದೆ, ಒತ್ತಡದ ಹಬೆಯಲ್ಲಿ ಎಲ್ಲವೂ ಶುದ್ಧವಾಗುತ್ತದೆ. ಎಕ್ಸ್‌ರೇ ತೊಳೆಯಲು ಕತ್ತಲೆ ಕೋಣೆ ಹುಡುಕಬೇಕಿಲ್ಲ, ಪರದೆಯ ಮೇಲೆ ತಾನೇ ಮೂಡುತ್ತದೆ. ಆದರೆ ಅವರು ಹೇಳಿದ ಕ್ರಮ ಮಾತ್ರ ಬದಲಾಗಿಲ್ಲ. ಹೊಸದಾಗಿ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ನನ್ನನ್ನು ಕಂಡಾಗಲೆಲ್ಲ ಹೊಸ ಯಂತ್ರಗಳ ಬಗ್ಗೆ ಕೇಳುತ್ತಾರೆ. ನನಗೆ ಅವರಿಗೆ ಹೇಳಬೇಕೆನಿಸುವುದು ಈ ಗುರುವಾರದ ಕಥೆ.

ಅಂದು ಮೊದಲು ಬಂದವರು ರುದ್ರಪ್ಪನವರು. ಶೇಂಗಾ ಎಣ್ಣೆಯ ಮಿಲ್ಲು ನಡೆಸುವ ಮನೆಯ ಹಿರಿಯರು. ಹಿಂದಿನ ಸಲ ಪೂರಾ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡು ಹೋಗಿದ್ದರು. ಕೂತವರೇ ಸೆಟ್ಟು ಸಡಿಲವಾಗಿದೆ ಎಂದರು. ನಾನು ಊಟಕ್ಕೆ ಹೇಗಾಗುತ್ತಿದೆ ಎಂದು ಕೇಳಿದೆ.

"ಊಟಕ್ಕಾ? ಊಟಕ್ಕೆ ಕೂರೋವಾಗ ತೆಗೆದಿಡ್ತೀನ್ರಿ."

"ಯಾಕೆ?"

"ಸವೆದು ಹೋಗ್ತಾವಲ್ರೀ! ಮಂಡಿಗೆ ಹೋಗೋವಾಗ, ಮದ್ವೆ ಮುಂಜಿಗೆ ಹೋಗೋವಾಗ ಹಾಕ್ಕೋತೀನಿ. ಮನ್ಯಾಗ ಯಾರು ನೋಡ್ತಾರೆ?"

ಶಾಹಿದಾ ಗೋಡೆಯ ಕಡೆ ತಿರುಗಿ ನಕ್ಕಳು. ಇದನ್ನು ನಕ್ಕು ಬಿಡಬೇಡಿ ಎಂದು ಹೊಸಬರಿಗೆ ಹೇಳುತ್ತೇನೆ. ಸೆಟ್ಟು ಕಟ್ಟುವುದು ಅರ್ಧ ಕೆಲಸ, ಅದನ್ನು ಬಳಸಲು ಕಲಿಸುವುದು ಉಳಿದರ್ಧ. ಮೊದಲು ಮೆತ್ತನೆಯ ಅನ್ನ, ಎರಡೂ ಕಡೆ ಸಮನಾಗಿ ಅಗಿಯಬೇಕು. ರಾತ್ರಿ ತೆಗೆದು ನೀರಿನಲ್ಲಿಡಬೇಕು, ದವಡೆಗೂ ವಿಶ್ರಾಂತಿ ಬೇಕು. ಒತ್ತುವ ಕಡೆ ನಾನು ಉಜ್ಜಿ ಸರಿಮಾಡಿ ಕೊಡುತ್ತೇನೆ, ಮನೆಯಲ್ಲಿ ನೀವು ಅರ ಹಿಡಿಯಬೇಡಿ ಎಂದೆ. ರುದ್ರಪ್ಪನವರು ಎಲ್ಲ ಕೇಳಿ, "ಹಂಗಾದ್ರೆ ರೊಟ್ಟಿಗೂ ಇದನ್ನೇ ಹಾಕ್ಕೋಬೇಕು ಅನ್ರಿ" ಎಂದು ಒಂದು ಆಸ್ತಿ ಕೈಬಿಟ್ಟವರಂತೆ ನಿಟ್ಟುಸಿರು ಬಿಟ್ಟರು.

ಅವರು ಎದ್ದು ಹೋದ ಬಾಗಿಲಲ್ಲೇ ತಿಪ್ಪಮ್ಮ ಒಳಗೆ ಬಂದರು. ಮೊಳಕಾಲ್ಮೂರು ರಸ್ತೆಯ ಒಂದು ಹಳ್ಳಿಯವರು. ಕೈಯಲ್ಲಿ ಬಟ್ಟೆ ಸುತ್ತಿದ ಎಳೆ ಕೂಸು. ಹಿಂದೆ ಬಾಣಂತಿ ಮಗಳು ಮಂಜುಳ, ಕಿವಿಗೆ ಸ್ಕಾರ್ಫ್ ಕಟ್ಟಿಕೊಂಡು, ಹೆಜ್ಜೆ ಎಳೆಯುತ್ತ. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು.

"ಕಿತ್ತಾಕ್ರಿ ಮೇಡಮ್ಮಾರೆ. ಮೊದ್ಲು ಇದನ್ನ ಕಿತ್ತಾಕ್ರಿ" ಎಂದರು ತಿಪ್ಪಮ್ಮ, ನಮಸ್ಕಾರಕ್ಕೂ ನಿಲ್ಲದೆ.

ಕೂಸು ಹುಟ್ಟುವಾಗಲೇ ಕೆಳಗಿನ ವಸಡಿನಲ್ಲಿ ಒಂದು ಹಲ್ಲಿತ್ತು. ನಮ್ಮ ಕಡೆ ಇದರ ಅರ್ಥ ಎಲ್ಲರಿಗೂ ಗೊತ್ತು. ಹಲ್ಲಿಟ್ಟುಕೊಂಡು ಹುಟ್ಟಿದ ಮಗು ಸೋದರಮಾವನಿಗೆ ಕಂಟಕ. ತಾಯಿಯ ಅಣ್ಣತಮ್ಮಂದಿರು ಆ ಮುಖ ನೋಡಬಾರದು. ಮಂಜುಳಳಿಗೆ ಒಬ್ಬನೇ ಅಣ್ಣ, ಓಬಳೇಶ. ಅವನನ್ನು ಹೆರಿಗೆಯಾದ ದಿನವೇ ಮನೆಯಿಂದ ಹೊರಗೆ ಕಳಿಸಿದ್ದರು. ಚಳ್ಳಕೆರೆಯಲ್ಲಿ ಆಟೋ ಓಡಿಸುತ್ತ, ಸ್ನೇಹಿತನ ರೂಮಿನಲ್ಲಿ ಮಲಗುತ್ತಿದ್ದ. ಹಲ್ಲು ಹೋಗುವವರೆಗೂ ಅವನು ಮನೆಗೆ ಬರುವಂತಿರಲಿಲ್ಲ.

ಎಳೆ ಮಕ್ಕಳ ಬಾಯಿ ನೋಡಲು ಕುರ್ಚಿ ಬೇಡ. ಇಬ್ಬರು ಎದುರುಬದುರು ಕೂತು ಮೊಣಕಾಲಿಗೆ ಮೊಣಕಾಲು ತಾಗಿಸಬೇಕು. ಮಗುವಿನ ತಲೆ ಡಾಕ್ಟರ ತೊಡೆಯ ಮೇಲೆ, ಕಾಲು ಎದುರಿನವರ ತೊಡೆಯ ಮೇಲೆ. ಎದುರಿನವರು ಕೈಕಾಲು ಹಿಡಿದುಕೊಂಡಿರುತ್ತಾರೆ, ಮಗುವಿಗೆ ಅವರ ಮುಖ ಕಾಣುತ್ತಿರುತ್ತದೆ. ಶಾಹಿದಾಳನ್ನು ಎದುರಿಗೆ ಕೂರಿಸಿಕೊಂಡು ನೋಡಿದೆ. ಅಕ್ಕಿಕಾಳಿನಷ್ಟು ಹಲ್ಲು. ಅಂಚು ಹರಿತ. ನಾಲಿಗೆಯ ತಳಭಾಗ ಅದಕ್ಕೆ ಉಜ್ಜಿ ಉಜ್ಜಿ ಹುಣ್ಣಾಗಿತ್ತು. ಮಂಜುಳಳನ್ನು ಕೇಳಿದಾಗ ತನ್ನ ಎದೆಯಲ್ಲೂ ಗಾಯವಾಗಿದೆ ಎಂದಳು. ಕೂಸು ಬಾಯಿ ಹಾಕುತ್ತದೆ, ನೋವಿಗೆ ಬಿಟ್ಟು ಅಳುತ್ತದೆ. ಈಗೀಗ ಅಳುವ ಶಕ್ತಿಯೂ ಕಡಿಮೆಯಾಗುತ್ತಿತ್ತು.

ಇಲ್ಲಿ ನೀವು ಒಂದು ವಿಷಯ ತಿಳಿಯಬೇಕು. ಇಂಥ ಹಲ್ಲು ಅಲುಗಾಡುತ್ತಿದ್ದರೆ ತೆಗೆಯಲೇಬೇಕು. ಕಳಚಿ ಉಸಿರಿನ ದಾರಿಗೆ ಬಿದ್ದರೆ ಅಪಾಯ. ತೆಗೆಯುವ ಮುಂಚೆ ಮಗುವಿಗೆ ಹುಟ್ಟಿದ ಕೂಡಲೇ ಹಾಕುವ ವಿಟಮಿನ್ ಕೆ ಇಂಜೆಕ್ಷನ್ ಆಗಿದೆಯೇ ಎಂದು ಕೇಳಬೇಕು, ಇಲ್ಲದಿದ್ದರೆ ರಕ್ತ ನಿಲ್ಲದಿರಬಹುದು. ಈ ಹಲ್ಲು ಗಟ್ಟಿಯಾಗಿತ್ತು. ಎಕ್ಸ್‌ರೇ ತೆಗೆಸಿದೆ. ಅದು ಹೆಚ್ಚುವರಿ ಹಲ್ಲಲ್ಲ. ತಿಂಗಳುಗಟ್ಟಲೆ ಆದ ಮೇಲೆ ಬರಬೇಕಾದ ಹಾಲುಹಲ್ಲೇ ಅವಸರ ಮಾಡಿ ಬಂದಿತ್ತು. ಕಿತ್ತರೆ ಆ ಜಾಗ ಶಾಲೆಗೆ ಹೋಗುವ ವಯಸ್ಸಿನವರೆಗೂ ಖಾಲಿ. ಹರಿತವಾದ ಅಂಚನ್ನು ನುಣುಪು ಮಾಡಿದರೆ ಸಾಕು, ನಾಲಿಗೆ ತಾನೇ ವಾಸಿಯಾಗುತ್ತದೆ.

ಇದನ್ನೆಲ್ಲ ಹೇಳಿದೆ. ತಿಪ್ಪಮ್ಮ ತಲೆ ಅಲ್ಲಾಡಿಸಿದರು.

"ಹಾಲುಹಲ್ಲು ತಾನೇ? ಬಿದ್ದೋಗೋದೇ. ಇವತ್ತೇ ಹೋಗ್ಲಿ. ನೀವು ಕೀಳಲ್ಲ ಅಂದ್ರೆ ನಮ್ಮೂರಾಗ ದಾರ ಕಟ್ಟಿ ಎಳೆಯೋರು ಅದಾರೆ."

"ನೀನೇನಂತೀಯಮ್ಮ?" ಎಂದು ಮಂಜುಳಳನ್ನು ಕೇಳಿದೆ.

ಅವಳು ಬಹಳ ಹೊತ್ತು ಕೂಸನ್ನೇ ನೋಡಿದಳು. "ನನಗ ನಮ್ಮಣ್ಣನೂ ಇರ್ಬೇಕು ಮೇಡಂ. ಇದೂ ಹಾಲು ಕುಡೀಬೇಕು."

ದಾರ ಎಂದ ಮೇಲೆ ಅವರನ್ನು ಹಾಗೇ ಕಳಿಸುವಂತಿರಲಿಲ್ಲ. ನಂಬಿಕೆಯ ಜೊತೆ ವಾದಕ್ಕಿಳಿದರೆ ರೋಗಿ ಬಾಗಿಲು ದಾಟಿ ಹೋಗಿಬಿಡುತ್ತಾರೆ. ಸಮಯ ಕೇಳಿಕೊಳ್ಳಬೇಕು. "ಮೊದಲು ಮಕ್ಕಳ ಡಾಕ್ಟರ ಹತ್ತಿರ ತೂಕ ಹಾಕಿಸಿಕೊಂಡು ಬನ್ನಿ. ಹಾಲು ಹಿಂಡಿ ಚಮಚದಲ್ಲಿ ಕುಡಿಸೋದು ಅಲ್ಲಿ ತೋರಿಸ್ತಾರೆ. ಮಧ್ಯಾಹ್ನ ನನ್ನ ಹತ್ರ ಬನ್ನಿ, ಊರಿಗೆ ಮಾತ್ರ ಹೋಗಬೇಡಿ" ಎಂದೆ. ಶಾಹಿದಾ ಜೊತೆಗೆ ಹೋಗಿ ಬಿಟ್ಟು ಬಂದಳು. ಬರುವಾಗ ತಿಪ್ಪಮ್ಮನಿಂದ ಇನ್ನೊಂದು ಸಂಗತಿ ತಿಳಿದುಕೊಂಡು ಬಂದಳು. ತಿಪ್ಪಮ್ಮನಿಗೂ ಒಬ್ಬ ತಮ್ಮನಿದ್ದ. ಅವರು ಚೊಚ್ಚಲು ಹೆತ್ತ ವರ್ಷವೇ, ಬಾವಿಯ ಹೂಳು ತೆಗೆಯುವಾಗ ಮಣ್ಣು ಕುಸಿದು ಸತ್ತುಹೋದ. ಆ ಚೊಚ್ಚಲ ಮಗುವೂ ಹಲ್ಲಿಟ್ಟುಕೊಂಡೇ ಹುಟ್ಟಿತ್ತು.

"ಆ ಮಗು ಯಾರು?" ಎಂದೆ.

"ಇದೇ ಓಬಳೇಶ, ಮೇಡಂ" ಎಂದಳು ಶಾಹಿದಾ.

ಆಮೇಲೆ ಕೆಲಸ ಸಾಗಿತು, ನನ್ನ ಮನಸ್ಸು ಮಾತ್ರ ಅಲ್ಲೇ ಇತ್ತು. ರಾಂಪುರದ ಕಡೆಯಿಂದ ಒಬ್ಬ ತಾಯಿ ಕಾಲೇಜಿಗೆ ಹೋಗುವ ಮಗಳನ್ನು ಕರೆತಂದಿದ್ದಳು. ಮುಂದಿನ ಹಲ್ಲುಗಳ ಮೇಲೆಲ್ಲ ಕಂದು ಪಟ್ಟೆ. ನಮ್ಮ ಬೋರ್‌ವೆಲ್ ನೀರಿನ ಫ್ಲೋರೈಡ್ ಅದು, ಹಲ್ಲು ಮೊಳೆಯುವ ವಯಸ್ಸಿನಲ್ಲೇ ಒಳಗಿನಿಂದ ಕೂತ ಬಣ್ಣ. ತಾಯಿ ಅದನ್ನು ಕೊಳೆ ಎಂದುಕೊಂಡು ಇಟ್ಟಿಗೆ ಪುಡಿಯಲ್ಲಿ ಉಜ್ಜಿಸಿದ್ದಳು. ಬಣ್ಣ ಹೋಗಿರಲಿಲ್ಲ, ಹಲ್ಲಿನ ಹೊಳಪು ಹೋಗಿತ್ತು. "ಕೊಳೆ ಅಲ್ಲಮ್ಮ, ನಿನ್ನ ಮಗಳು ಶುಚಿಯಾಗೇ ಇದಾಳೆ" ಎಂದೆ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಕೂತಿದ್ದ ಹುಡುಗಿ ಕೈ ಕೆಳಗಿಳಿಸಿದಳು. ಹಲ್ಲಿನ ಬಣ್ಣದ ಲೇಪವನ್ನು ತೆಳುವಾಗಿ ಹಚ್ಚಿ ಪಟ್ಟೆ ಮುಚ್ಚಬಹುದು. ಅಂದು ಎರಡು ಹಲ್ಲಿಗೆ ಹಚ್ಚಿ, ಕನ್ನಡಿ ಕೊಟ್ಟು, ಉಳಿದದ್ದಕ್ಕೆ ಮತ್ತೆ ಬರಹೇಳಿದೆ. ಅವಳು ಕನ್ನಡಿ ವಾಪಸು ಕೊಡಲು ಬಹಳ ತಡ ಮಾಡಿದಳು.

ಅವಳ ಹಲ್ಲಿಗೆ ಲೇಪ ಹಚ್ಚುವಾಗ ಮೊಳಕಾಲ್ಮೂರಿನ ನನ್ನ ಮೊದಲ ದಿನಗಳ ಒಬ್ಬ ನೇಕಾರ ಹೆಂಗಸಿನ ನೆನಪಾಯಿತು. ರೇಷ್ಮೆ ಸೀರೆ ನೇಯುವವರು ತುಂಡಾದ ಎಳೆಯನ್ನು ಹಲ್ಲಿನಲ್ಲೇ ಕಡಿಯುತ್ತಾರೆ. ಅವಳ ಮುಂದಿನ ಹಲ್ಲಿನಲ್ಲಿ ಎಳೆ ಕೂರುವಷ್ಟು ಸಣ್ಣ ಕಚ್ಚು ಬಿದ್ದಿತ್ತು. ಬಂದದ್ದು ಬೇರೆ ಹಲ್ಲಿನ ನೋವಿಗೆ. ನಾನು ಉತ್ಸಾಹದಲ್ಲಿ ಆ ಕಚ್ಚಿಗೂ ಫಿಲ್ಲಿಂಗ್ ಕಲೆಸುವುದನ್ನು ಕಂಡು ಗಾಬರಿಯಾಗಿ, "ವದ್ದಮ್ಮಾ, ಬ್ಯಾಡ! ಅದನ್ನ ಮುಚ್ಚಿದ್ರೆ ಎಳೆ ಎಲ್ಲಿ ಕಡೀಲಿ?" ಎಂದು ಬಾಯಿ ಮುಚ್ಚಿಕೊಂಡಳು. ದೊಡ್ಡ ಡಾಕ್ಟರು ಪಕ್ಕದಲ್ಲೇ ಇದ್ದರು. "ಹಲ್ಲು ಬಾಯಲ್ಲಿ ಮಾತ್ರ ಇರೋದಿಲ್ಲ, ಮನೆಯಲ್ಲೂ ಇರುತ್ತೆ. ಅಲ್ಲಿ ಅದಕ್ಕೇನು ಕೆಲಸ ಅಂತ ಕೇಳಿ ಮುಟ್ಟು" ಎಂದರು. ಕಚ್ಚನ್ನು ಹಾಗೇ ಬಿಟ್ಟು, ಅವಳಿಗೆ ಒಂದು ಚಿಕ್ಕ ಕತ್ತರಿ ಕೊಟ್ಟು ಕಳಿಸಿದೆವು. ಮುಂದೆ ಅವಳ ಮನೆಗೆ ಹೋದಾಗ ಕತ್ತರಿ ಮಗ್ಗಕ್ಕೆ ಅಂದವಾಗಿ ತೂಗುತ್ತಿತ್ತು. ಅವಳು ಎಳೆಯನ್ನು ಹಲ್ಲಿನಲ್ಲೇ ಕಡಿಯುತ್ತಿದ್ದಳು.

ಮಧ್ಯಾಹ್ನ ನಾನು ಡಬ್ಬಿ ಮುಚ್ಚುವ ಹೊತ್ತಿಗೆ ಶಾಹಿದಾ ಬಂದು, "ಗೇಟಿನ ಹತ್ರ ಒಬ್ಬ ಆಟೋದವನು ನಿಂತಾನೆ ಮೇಡಂ. ಒಳಗೆ ಹೋಗೋರನ್ನೆಲ್ಲ ಹಿಡಿದು ಕೂಸು ಹೆಂಗೈತೆ, ಕೂಸು ಹೆಂಗೈತೆ ಅಂತ ಕೇಳ್ತಾನೆ" ಎಂದಳು.

ನಾನೇ ಹೋದೆ. ಗಟ್ಟಿಮುಟ್ಟಾದ ಹುಡುಗ. ಒಂದು ಕೆನ್ನೆಯನ್ನು ಅಂಗೈಯಲ್ಲಿ ಒತ್ತಿಕೊಂಡಿದ್ದ. ಮಾತಾಡಿದರೆ ಲವಂಗದ ವಾಸನೆ. ಮಂಜುಳ ಗುಟ್ಟಾಗಿ ಫೋನ್ ಮಾಡಿ ಕರೆದಿದ್ದಳು.

"ಕೀಳ್ತೀರಾ ಮೇಡಂ?" ಎಂದ.

"ಕೀಳೋ ಅಗತ್ಯ ಇಲ್ಲಪ್ಪ. ಗಟ್ಟಿ ಹಲ್ಲು. ಇಂಥದ್ದು ಮನೆತನದಲ್ಲಿ ಬರೋದುಂಟು, ಮೂಗು ಬಂದ ಹಾಗೆ, ಗುಂಗುರು ಕೂದಲು ಬಂದ ಹಾಗೆ. ನಿನಗೂ ಇತ್ತಂತಲ್ಲ."

ಅವನು ನಕ್ಕ. ನಗು ಸರಿಯಾಗಿ ಬರಲಿಲ್ಲ. "ಇತ್ತು ಮೇಡಂ. ಊರಾಗ ನನ್ನನ್ನ ಮಾವನ್ನ ತಿಂದೋನು ಅಂತಾರೆ. ಗೋಲಿ ಆಡೋವಾಗ ಜಗಳ ಬಂದ್ರೂ ಅದೇ ಮಾತು. ಆಮೇಲಾಮೇಲೆ ನಾನೇ ನಗ್ತಿದ್ದೆ." ಕೆನ್ನೆಯನ್ನು ಮತ್ತೆ ಒತ್ತಿಕೊಂಡ. "ಹಲ್ಲು ಕಿತ್ತಿದ್ರು ನಂದೂ. ಹೆಸರು ಹೋಗ್ಲಿಲ್ಲ."

ಹಿಂದೆ ತಿರುಗಿ ನಾನು ನಡೆದೆ. ಅವನೂ ಬಂದ. ನಾನು ಕರೆಯಲಿಲ್ಲ, ತಡೆಯಲೂ ಇಲ್ಲ.

ಹಲ್ಲಿನ ಕೋಣೆಯಲ್ಲಿ ತಿಪ್ಪಮ್ಮ ಆಗಲೇ ಕಾಯುತ್ತಿದ್ದರು. ಮಗನ ನೆರಳು ಬಾಗಿಲಲ್ಲಿ ಬಿದ್ದದ್ದೇ ಕೂಸಿನ ಮುಖಕ್ಕೆ ಸೆರಗು ಎಳೆದರು.

"ಲೇ ಓಬಳೇಶ! ಒಳಗ ಬರಬ್ಯಾಡ! ನಿನಗ ಬುದ್ಧಿ ಐತೇನ್ಲೇ?"

"ಬರಲ್ಲವ್ವ. ಇಲ್ಲೇ ನಿಂತಿರ್ತೀನಿ." ಅವನು ಹೊಸ್ತಿಲಾಚೆಯೇ ನಿಂತ. "ಒಂದು ಮಾತು ಕೇಳ್ತೀನಿ. ನಾನು ಹುಟ್ಟಿದ್ದಕ್ಕೇ ಮಾವ ಸತ್ತನಾ?"

"ನಾನು ಯಾವತ್ತು ಹಂಗ ಅಂದೀನಿ?"

"ನೀನು ಅಂದಿಲ್ಲ. ಊರು ಅಂದೈತೆ. ನೀನು ಅಲ್ಲ ಅಂತ ಯಾರಿಗೂ ಹೇಳ್ಲಿಲ್ಲ."

ಸೆರಗಿನ ಕೆಳಗೆ ಕೂಸು ಸಣ್ಣದಾಗಿ ಮುಲುಗಿತು.

"ಇವತ್ತು ಕಿತ್ತಾಕಿಸ್ತೀಯಾ. ಹತ್ತು ವರ್ಷ ಬಿಟ್ಟು ನನ್ನ ಆಟೋ ಹಳ್ಳಕ್ಕೆ ಬಿದ್ರೂ ಊರಿಗೆ ಇದೇ ನೆನಪಾಗೋದು. ಕಿತ್ತರೇನು ಬಿಟ್ಟರೇನು, ಈ ಕೂಸು ಮಾವನ್ನ ತಿಂದೋಳು ಆಗ್ತಾಳೆ. ಆ ಹೆಸರು ಇಟ್ಕೊಂಡು ಬೆಳೆಯೋದು ಹೆಂಗಿರ್ತದೆ ಅಂತ ನನಗ ಗೊತ್ತೈತವ್ವ."

ಮಂಜುಳ ಅಳತೊಡಗಿದಳು. ತಿಪ್ಪಮ್ಮನ ಕಣ್ಣಲ್ಲಿ ನೀರಿರಲಿಲ್ಲ, ಧ್ವನಿ ಮಾತ್ರ ಇಳಿದಿತ್ತು.

"ನನ್ನ ತಮ್ಮನ್ನ ಬಾವಿಯಿಂದ ಎತ್ತಿದ್ದನ್ನ ನಾನು ನೋಡೀನಿ ಮಗ. ನೀನು ನೋಡಿಲ್ಲ. ಇನ್ನೊಮ್ಮೆ ನನ್ನ ಕೈಲಾಗಲ್ಲ. ಹಲ್ಲು ತಂದ ಕಂಟಕ, ಹಲ್ಲಿನಾಗೇ ಹೋಗ್ಬೇಕು. ಒಂದು ಹಲ್ಲು ಹೋಗ್ಲೇಬೇಕು."

"ಹಲ್ಲು ತಾನೇ?" ಎಂದ ಓಬಳೇಶ. ಕೆನ್ನೆಯಿಂದ ಕೈ ತೆಗೆದ. "ಕಂಟಕ ಯಾರಿಗೆ? ನನಗ. ಹಂಗಾದ್ರೆ ನನ್ನ ಹಲ್ಲೇ ಹೋಗ್ಲಿ. ನೋಡ್ರಿ ಮೇಡಂ, ರಾತ್ರಿಯೆಲ್ಲ ಸಾಯಿಸ್ತೈತೆ. ಕೀಳ್ರಿ ಇದನ್ನ."

ತಿಪ್ಪಮ್ಮ ಮಗನ ತೆರೆದ ಬಾಯಿಯನ್ನೂ ಮಡಿಲಿನ ಕೂಸನ್ನೂ ನೋಡಿದರು. ಮನಸ್ಸಿನಲ್ಲೇ ಏನನ್ನೋ ತೂಗುತ್ತಿದ್ದರು.

ನನಗೆ ನನ್ನದೇ ಕಟ್ಟಳೆ ಇತ್ತು. ಉಳಿಸಬಹುದಾದ ಹಲ್ಲನ್ನು ಯಾರ ಕಂಟಕಕ್ಕೂ ಕೀಳುವವಳಲ್ಲ. ಹುಳುಕು ಚಿಕ್ಕದಿದ್ದಾಗ ಫಿಲ್ಲಿಂಗ್ ಸಾಕು. ಅದು ಒಳಗಿನ ನರಕ್ಕೆ ತಲುಪಿ ರಾತ್ರಿ ನಿದ್ದೆಗೆಡಿಸಿದರೆ ರೂಟ್ ಕೆನಾಲ್, ಅಂದರೆ ಕೆಟ್ಟ ನರ ತೆಗೆದು, ಬೇರಿನ ಕೊಳವೆ ತೊಳೆದು ಮುಚ್ಚಿ, ಮೇಲೊಂದು ಟೋಪಿ ಹಾಕುವುದು. ಆದರೆ ಓಬಳೇಶ ಮೆಡಿಕಲ್ ಶಾಪಿನ ನೋವಿನ ಮಾತ್ರೆ ನುಂಗುತ್ತ ಆ ಎರಡೂ ಹಂತ ದಾಟಿಸಿಬಿಟ್ಟಿದ್ದ. ಹೊಸ್ತಿಲ ಬಳಿ ಹೋಗಿ ಟಾರ್ಚ್ ಹಿಡಿದು ನೋಡಿದರೆ, ದವಡೆ ಹಲ್ಲಿನ ಮೇಲ್ಭಾಗ ಪೂರಾ ಕರಗಿ ಎರಡು ಬೇರು ಮಾತ್ರ ಉಳಿದಿದ್ದವು. ಟೋಪಿ ಕೂರಿಸಲು ತಲೆಯೇ ಇರಲಿಲ್ಲ. ಊತ, ಜ್ವರ ಇರಲಿಲ್ಲ. ತೆಗೆಯಬೇಕಾದ ಹಲ್ಲೇ.

"ಇದು ಹೋಗಲೇಬೇಕಾದ್ದು" ಎಂದೆ. "ಆದರೆ ಮೊದಲು ಕೂಸಿನದು. ಕಿರಿಯರು ಮುಂದೆ. ಶಾಹಿದಾ ಉಪಕರಣ ಕೊಡಬೇಕು, ಎದುರಿಗೆ ಕೂತು ಹಿಡಿಯೋಕೆ ಒಬ್ಬರು ಬೇಕು. ಯಾರು ಕೂರ್ತೀರಿ?"

ಮಂಜುಳ ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದಳು. ತಿಪ್ಪಮ್ಮ ಏಳಲಿಲ್ಲ. ಶಾಹಿದಾ ತಟ್ಟೆ ಜೋಡಿಸುತ್ತ ಯಾರಿಗೂ ಅಲ್ಲದಂತೆ, "ನಿಮ್ಮ ಕಡೆ ಕಿವಿ ಚುಚ್ಚೋವಾಗ ಕೂಸು ಯಾರ ತೊಡೆ ಮೇಲಿರುತ್ತಜ್ಜಿ?" ಎಂದಳು.

"ಸೋದರಮಾವಂದು" ಎಂದರು ತಿಪ್ಪಮ್ಮ. ಹೇಳಿದ ಮೇಲೆ ತಾವು ಹೇಳಿದ್ದು ಅವರಿಗೇ ಕೇಳಿಸಿದಂತಾಯಿತು. ಹೊಸ್ತಿಲ ಕಡೆ ತಿರುಗಿ, "ಕೈ ತೊಳಕೊಂಡು ಬಾರ್ಲೇ" ಎಂದರು.

ಓಬಳೇಶ ಹೊಸ್ತಿಲು ದಾಟಿದ. ನನ್ನೆದುರು ಕೂತು ಮೊಣಕಾಲಿಗೆ ಮೊಣಕಾಲು ಹಚ್ಚಿದ. ತಿಪ್ಪಮ್ಮನೇ ಕೂಸನ್ನು ನಮ್ಮಿಬ್ಬರ ತೊಡೆಯ ಮೇಲೆ ಮಲಗಿಸಿ ಸೆರಗು ಸರಿಸಿದರು. ಆಟೋದ ಹ್ಯಾಂಡಲ್ ಹಿಡಿದು ಒರಟಾದ ಬೆರಳುಗಳಲ್ಲಿ ಎರಡು ಪುಟ್ಟ ಮುಷ್ಟಿಗಳು ಮುಚ್ಚಿಹೋದವು. ಅವನು ಮೊದಲ ಸಲ ಆ ಮುಖ ನೋಡಿದ.

"ಇದ್ಯಾಕವ್ವ, ನನ್ನಂಗೇ ಐತೆ?"

"ನಿನ್ನಂಗೇ ಐತೆ" ಎಂದರು ತಿಪ್ಪಮ್ಮ. "ಹುಟ್ಟಿದಾಗಿಂದ ನೋಡ್ತಾ ಅದೀನಿ, ಯಾರಿಗೆ ಹೇಳ್ಲಿ?"

ನುಣುಪು ಮಾಡುವುದು ದೊಡ್ಡ ಕೆಲಸವಲ್ಲ. ನಾಲಿಗೆಗೆ ಹತ್ತಿಬಟ್ಟೆ ಅಡ್ಡ ಇಟ್ಟು, ಮೃದುವಾದ ಪಾಲಿಶ್ ಕಲ್ಲನ್ನು ನಿಧಾನ ತಿರುಗಿಸಿ, ಮುಟ್ಟಿ ಬಿಡಬೇಕು, ಮತ್ತೆ ಮುಟ್ಟಬೇಕು. ಬಿಸಿಯಾಗಬಾರದು. ನೋವಿಲ್ಲ, ಇಂಜೆಕ್ಷನ್ ಬೇಡ. ಕೂಸು ಶಬ್ದಕ್ಕೆ ಅತ್ತಿತು. ಮಾವ ಬಾಯಲ್ಲಿ ಆಟೋ ಸ್ಟಾರ್ಟ್ ಮಾಡುವ ಸದ್ದು ಮಾಡಿದ. ಅದು ಅಳು ನಿಲ್ಲಿಸಿ ಅವನನ್ನೇ ದಿಟ್ಟಿಸಿತು. ಅಷ್ಟರಲ್ಲಿ ಕೆಲಸ ಮುಗಿದಿತ್ತು. ನನ್ನ ಕಿರುಬೆರಳಿನಿಂದ ಅಂಚು ಸವರಿ ನೋಡಿದೆ. ನುಣ್ಣಗಿತ್ತು. ಮಂಜುಳ ಹಾಲೂಡಿಸಲು ಕೂಸನ್ನು ಪರದೆಯ ಹಿಂದೆ ಕರೆದುಕೊಂಡು ಹೋದಳು. ಮೊದಲು ಒಂದು ಸಣ್ಣ ಅಳು, ಆಮೇಲೆ ನಿಶ್ಶಬ್ದ, ಆಮೇಲೆ ಕೂಸು ಗುಟುಕು ನುಂಗುವ ಸದ್ದು. ನಾವು ನಾಲ್ವರೂ ನಿಂತು ಅದನ್ನೇ ಕೇಳಿದೆವು. ನಾಲಿಗೆಯ ಹುಣ್ಣು ಆರಲು ಸ್ವಲ್ಪ ದಿನ ಬೇಕು, ಮುಂದಿನ ವಾರ ತೋರಿಸಿ, ಹಲ್ಲು ಅಲುಗಾಡಿದರೆ ಆ ದಿನವೇ ಬನ್ನಿ ಎಂದು ಹೇಳಿದೆ.

ಓಬಳೇಶ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ ಕೂರಿಸಿದರೆ ಎಂಥ ಪೈಲ್ವಾನನೂ ಕಣ್ಣು ಕತ್ತಲೆ ಬಂದು ಬೀಳುತ್ತಾನೆ. ಇಡ್ಲಿ ತಿಂದು ಬಾ ಎಂದು ಕಳಿಸಿದೆ. ಬಂದ ಮೇಲೆ ಬಿ.ಪಿ., ಸಕ್ಕರೆ ನೋಡಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ತುಟಿ ದಪ್ಪಗಾಯಿತು ಎಂದು ಅವನು ಹೇಳುವವರೆಗೂ ಕಾದೆ. ಎರಡು ಬೇರು, ಒಂದಾದ ಮೇಲೊಂದು ಬಂದವು. ತಿಪ್ಪಮ್ಮ ಅವನ ಪಾದ ಹಿಡಿದುಕೊಂಡು ಪೂರ್ತಿ ಹೊತ್ತು ನಿಂತೇ ಇದ್ದರು. ಹತ್ತಿಯ ಉಂಡೆ ಇಟ್ಟು, ಕಚ್ಚಿಕೊಂಡಿರು, ಉಗುಳಬೇಡ, ಬಾಯಿ ಮುಕ್ಕಳಿಸಬೇಡ, ಅರ್ಧ ಗಂಟೆ ಮಾತೇ ಬೇಡ ಎಂದೆ. ನಮ್ಮ ಜನ ಹಲ್ಲು ಕಿತ್ತ ಕೂಡಲೇ ಉಗುಳುತ್ತ ಕೂರುತ್ತಾರೆ. ಗಾಯ ಮುಚ್ಚಬೇಕಾದ ಹೆಪ್ಪೇ ಕಿತ್ತು ಬರುತ್ತದೆ.

ತಿಪ್ಪಮ್ಮ ತಟ್ಟೆಯಲ್ಲಿದ್ದ ಬೇರುಗಳನ್ನು ಬಗ್ಗಿ ನೋಡಿದರು. "ಇವನ್ನ ನನಗ ಕೊಡ್ರಿ. ಮೂರು ದಾರಿ ಕೂಡೋ ಕಡೆ ಬಿಸಾಕಬೇಕು."

"ಕೊಡೋಂಗಿಲ್ಲಜ್ಜಿ" ಎಂದಳು ಶಾಹಿದಾ. "ಬಾಯಿಂದ ತೆಗೆದದ್ದು ಈ ಹಳದಿ ಚೀಲಕ್ಕೇ ಹೋಗ್ಬೇಕು. ಗಾಡಿ ಬಂದು ತಗೊಂಡು ದೂರ ಹೋಗಿ, ದೊಡ್ಡ ಬೆಂಕಿಯಲ್ಲಿ ಸುಟ್ಟು ಬೂದಿ ಮಾಡ್ತಾರೆ."

"ಸುಡ್ತಾರಾ?"

"ಪೂರಾ."

"ಊರಾಚೆ?"

"ಊರೂರು ದಾಟಿ."

ತಿಪ್ಪಮ್ಮ ಸ್ವಲ್ಪ ಯೋಚಿಸಿದರು. "ಹಂಗಾದ್ರೆ ಅದೇ ಚಲೋ. ಅಲ್ಲಿಗೇ ಹಾಕವ್ವ."

ಶಾಹಿದಾ ಅವರೆದುರೇ ಹಾಕಿ ಚೀಲದ ಬಾಯಿ ಕಟ್ಟಿದಳು. ತಿಪ್ಪಮ್ಮ ಚೀಲಕ್ಕೆ ಬೆನ್ನು ತಿರುಗಿಸಿ, ಮಗನ ಹಣೆಯ ಮೇಲಿನ ಬೆವರನ್ನು ಸೆರಗಿನಿಂದ ಒರೆಸಿದರು. ಆ ಹೊತ್ತಿಗೆ ಸೇರಿಸಬೇಕಾದದ್ದು ನನ್ನ ಶಾಸ್ತ್ರದಲ್ಲಿ ಏನೂ ಇರಲಿಲ್ಲ.

"ಮನೀಗೆ ಬರ್ತೀಯೇನ್ಲೇ ಈಗ?" ಎಂದರು.

ಓಬಳೇಶ ಹತ್ತಿ ಕಚ್ಚಿಕೊಂಡು ನನ್ನ ಕಡೆ ನೋಡಿದ.

"ಬಾಯಿ ಬಿಡೋಂಗಿಲ್ಲ" ಎಂದೆ.

ಅವನು ತಲೆ ಆಡಿಸಿದ, ಒಮ್ಮೆಯಲ್ಲ, ಆಡಿಸುತ್ತಲೇ ಇದ್ದ. ಮಂಜುಳ ನಿದ್ದೆ ಹೋದ ಕೂಸನ್ನು ಪರದೆಯ ಹಿಂದಿನಿಂದ ತಂದು, ಯಾರನ್ನೂ ಕೇಳದೆ, ಅವನ ತೊಡೆಯ ಮೇಲೆ ಮಲಗಿಸಿದಳು. ಅರ್ಧ ಗಂಟೆ ಅವರು ಬೆಂಚಿನ ಮೇಲೆ ಹಾಗೇ ಕೂತಿದ್ದರು. ಆಮೇಲೆ ಹತ್ತಿ ತೆಗೆಸಿ, ರಕ್ತ ನಿಂತದ್ದು ನೋಡಿ, ಹೋಗಿಬನ್ನಿ ಎಂದೆ.

ಕುರ್ಚಿ ಒರೆಸಿದೆವು. ಉಪಕರಣಗಳನ್ನು ತೊಳೆದು, ಒಣಗಿಸಿ, ಪೊಟ್ಟಣ ಕಟ್ಟಿದೆವು. ಕೂಸಿನ ಹಲ್ಲಿಗೆ ಬಳಸಿದ ಪುಟ್ಟ ಕಲ್ಲನ್ನು ಬೇರೆ ಪೊಟ್ಟಣದಲ್ಲಿಟ್ಟು ಕೊನೆಯದಾಗಿ ಸೇರಿಸಿದೆ. ಆಟೋಕ್ಲೇವ್ ಮುಚ್ಚಳ ಬಿಗಿಮಾಡಿ, ಸ್ವಿಚ್ ಹಾಕಿದೆ. ಹಬೆ ಏರಿ ಇಳಿದ ಮೇಲೆ ಆರಿಸಿ, ಬಾಗಿಲು ಹಾಕಿಕೊಂಡೆ.